ಹೆಸರು ತಿಳಿದರೆ ಮದ್ದು ತಿಳಿಯುತ್ತದೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನು ಆಸ್ಪತ್ರೆಯೊಂದರ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಬ್ರೆಡ್ ಉಬ್ಬಿಸುವ ಯೀಸ್ಟ್ ನಿಮಗೆಲ್ಲ ಗೊತ್ತು. ಕ್ಯಾಂಡಿಡಾ ಎಂಬ ಇನ್ನೊಂದು ಯೀಸ್ಟ್ ನಮ್ಮ ಬಾಯಿ, ಕರುಳುಗಳಲ್ಲಿ ತೊಂದರೆ ಕೊಡದೆ ಇರುತ್ತದೆ. ಮೈಯ ಶಕ್ತಿ ಕುಂದಿದಾಗ ಅದು ರಕ್ತಕ್ಕೆ ಸೇರಿದರೆ ಪ್ರಾಣಕ್ಕೇ ಕುತ್ತು.

ಸೂಕ್ಷ್ಮದರ್ಶಕದಲ್ಲಿ ಈ ಯೀಸ್ಟ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ. ಆದರೆ ಒಂದಕ್ಕೆ ನಾಟುವ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ. ಕ್ಯಾಂಡಿಡಾ ಕ್ರೂಸಿಗೆ ಫ್ಲುಕೊನಜೋಲ್ ಮಾತ್ರೆ ಹುಟ್ಟಿನಿಂದಲೇ ತಾಗದು. ಆದ್ದರಿಂದ ಮೊದಲು ಹೆಸರು ಕಂಡುಹಿಡಿಯಬೇಕು.

ಹಳೆಯ ವಿಧಾನ ಸರಳ. ಯೀಸ್ಟನ್ನು ರಕ್ತದ ಸೀರಮ್‌ನಲ್ಲಿ ಹಾಕಿ 37 ಡಿಗ್ರಿ ಶಾಖದಲ್ಲಿ ಎರಡು ಮೂರು ಗಂಟೆ ಇಟ್ಟರೆ, ಕ್ಯಾಂಡಿಡಾ ಆಲ್ಬಿಕನ್ಸ್ ಹೆಸರುಕಾಳಿನಂತೆ ಮೊಳಕೆಯೊಡೆಯುತ್ತದೆ. ಬಣ್ಣ ಬರುವ ವಿಶೇಷ ಅಗಾರ್ ತಟ್ಟೆಯಲ್ಲಿ ಬೆಳೆಸಿದರೆ ಆಲ್ಬಿಕನ್ಸ್ ಹಸಿರು, ಟ್ರಾಪಿಕಾಲಿಸ್ ನೀಲಿ.

2009ರಲ್ಲಿ ಜಪಾನಿನ ವಿಜ್ಞಾನಿಗಳು ರೋಗಿಯೊಬ್ಬರ ಕಿವಿಯಲ್ಲಿ ಸಿಕ್ಕ ಹೊಸ ಯೀಸ್ಟಿಗೆ ಕ್ಯಾಂಡಿಡಾ ಆರಿಸ್ ಎಂದು ಹೆಸರಿಟ್ಟರು. ಆಸ್ಪತ್ರೆಗಳ ಯಂತ್ರಗಳ ಪಟ್ಟಿಯಲ್ಲಿ ಆಗ ಆ ಹೆಸರೇ ಇರಲಿಲ್ಲ. ಹಾಗಾಗಿ ಅವು ಅದನ್ನು ಬೇರೆ ಯೀಸ್ಟ್ ಎಂದೇ ವರದಿ ಮಾಡುತ್ತಿದ್ದವು. ಭಾರತದಲ್ಲೂ ಹೀಗೇ ಆಯಿತು. ಡಿಎನ್‌ಎ ಓದಿದಾಗ ನಿಜ ತಿಳಿಯಿತು. ಈಗ ಮಾಲ್ಡಿ-ಟಾಫ್ ಯಂತ್ರ ಯೀಸ್ಟಿನ ಪ್ರೋಟೀನುಗಳನ್ನು ತೂಗಿ, ತನ್ನ ಪಟ್ಟಿಗೆ ಹೋಲಿಸಿ, ಕೆಲವೇ ನಿಮಿಷಗಳಲ್ಲಿ ಹೆಸರು ಹೇಳುತ್ತದೆ.

ಹೆಸರು ಸಿಕ್ಕಮೇಲೂ ಕೆಲಸ ಮುಗಿಯದು. ರಾಗಿಯಲ್ಲಿ ತಳಿಗಳಿರುವಂತೆ ಆರಿಸ್‌ನಲ್ಲೂ ತಳಿಗಳಿವೆ. ಪೂರ್ತಿ ಜೀನೋಮ್ ಓದಿ ಹೋಲಿಸಿದಾಗ ದಕ್ಷಿಣ ಏಷ್ಯಾ, ಪೂರ್ವ ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕಗಳ ಆರಿಸ್ ಬೇರೆ ಬೇರೆ ಕವಲುಗಳೆಂದು ತಿಳಿಯಿತು. ಒಂದೇ ವಾರ್ಡಿನ ಇಬ್ಬರಲ್ಲಿ ಹೆಚ್ಚುಕಡಿಮೆ ಒಂದೇ ಜೀನೋಮ್ ಸಿಕ್ಕರೆ, ಸೋಂಕು ವಾರ್ಡಿನೊಳಗೇ ಹರಡಿರುವ ಶಂಕೆ ಬಲವಾಗುತ್ತದೆ. ಆಗ ಮಾತ್ರೆಯಷ್ಟೇ ಸಾಲದು. ಕೈ ತೊಳೆಯಬೇಕು, ಮಂಚ ಒರೆಸಬೇಕು, ರೋಗಿಯನ್ನು ಬೇರೆ ಇಡಬೇಕು.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರಿಸನ್ನು ಅತಿ ಗಂಭೀರ ಶಿಲೀಂಧ್ರಗಳ ಗುಂಪಿಗೆ ಸೇರಿಸಿತು.

ಊರಿನವರಲ್ಲಿ ನನ್ನದೊಂದು ವಿನಂತಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಶಿಲೀಂಧ್ರದ ಮಾತ್ರೆ ನುಂಗಬೇಡಿ. ವೈದ್ಯರು ಪರೀಕ್ಷೆಗೆ ಬರೆದರೆ, ಖರ್ಚಿಗೆ ದಾರಿ ಎಂದು ತಳ್ಳಿಹಾಕಬೇಡಿ. ಮಕ್ಕಳೇ, ಶಾಲೆಯ ಸೂಕ್ಷ್ಮದರ್ಶಕ ಬೀರುವಿನಲ್ಲೇ ಉಳಿಯದಿರಲಿ. ಮೇಷ್ಟ್ರನ್ನು ಕೇಳಿ ಹೊರತೆಗೆಸಿ, ನೋಡಿ.