ಗುಳಿಗೆಯೂ ಗಡಿಯಾರವೂ

ಸಿರವಾರದ ನಮ್ಮ ಮನೆಯ ಪಡಸಾಲೆಯಲ್ಲಿ ಗೋಡೆಗಡಿಯಾರವೊಂದುಂಟು. ಅದರ ಕೆಳಗೆ ಅತ್ತಿಗೆಯವರು ಒಂದು ಚೀಟಿ ಅಂಟಿಸಿದ್ದಾರೆ: ಬೆಳಿಗ್ಗೆ 7, 11, ಮಧ್ಯಾಹ್ನ 3, ಸಂಜೆ 7. ಇವು ನಮ್ಮ ಅಣ್ಣನವರು ಗುಳಿಗೆ ತೆಗೆದುಕೊಳ್ಳುವ ವೇಳೆಗಳು. ಅವರಿಗೆ ಪಾರ್ಕಿನ್ಸನ್ ರೋಗ.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ರೋಗವನ್ನು ವರ್ಣಿಸಿ ಬರೆದನು. ನಮ್ಮ ಆಯುರ್ವೇದದವರು ಇದನ್ನು ಕಂಪವಾತವೆನ್ನುತ್ತಾರೆ. ಮಿದುಳಿನಲ್ಲಿ ಡೋಪಮೈನ್ ಎಂಬ ದ್ರವ್ಯವನ್ನು ತಯಾರಿಸುವ ಕಣಗಳು ನಶಿಸುತ್ತ ಹೋಗುವುದರಿಂದ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ನಡಿಗೆ ಕುಗ್ಗುತ್ತದೆ. ರೋಗ ಪೂರ್ಣ ವಾಸಿಯಾಗದು. ಆದರೆ ಲೆವೊಡೋಪ ಎಂಬ ಔಷಧ ಮಿದುಳನ್ನು ಸೇರಿ, ಡೋಪಮೈನ್ ಆಗಿ ಮಾರ್ಪಟ್ಟು, ಕೊರತೆಯನ್ನು ತುಂಬುತ್ತದೆ. ದಾರಿಯಲ್ಲಿಯೇ ಅದು ವ್ಯಯವಾಗದಂತೆ ಕಾರ್ಬಿಡೋಪವನ್ನು ಜೊತೆಗೂಡಿಸಿರುತ್ತಾರೆ. ಗುಳಿಗೆಯ ಪ್ರಭಾವ ಕೆಲವೇ ಗಂಟೆಗಳದು; ರೋಗ ಹಳೆಯದಾದಂತೆ ಆ ಅವಧಿಯೂ ಕಿರಿದಾಗುತ್ತದೆ. ಆದ್ದರಿಂದಲೇ ಗಡಿಯಾರದ ಮಾತು. ಅರ್ಧ ಗಂಟೆ ತಡವಾದರೆ ಅಣ್ಣನವರಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದು.

ಇನ್ನು ಊಟದ ವಿಚಾರ. ಬೇಳೆ, ಹಾಲು, ಮೊಸರು, ಮೊಟ್ಟೆಗಳಲ್ಲಿರುವ ಸಸಾರಜನಕಕ್ಕೂ ಲೆವೊಡೋಪಕ್ಕೂ ದೇಹದೊಳಗೆ ಒಂದೇ ಬಾಗಿಲು. ಜೋಳದ ರೊಟ್ಟಿ, ಗಟ್ಟಿ ಬೇಳೆ ಉಂಡ ಮೇಲೆ ನುಂಗಿದ ಗುಳಿಗೆ ಬಾಗಿಲಲ್ಲಿಯೇ ಕಾಯಬೇಕಾಗುತ್ತದೆ! ಊಟಕ್ಕೆ ಅರ್ಧ ಗಂಟೆ ಮೊದಲು, ಇಲ್ಲವೆ ಒಂದು ಗಂಟೆಯ ನಂತರ, ನೀರಿನೊಡನೆ ತೆಗೆದುಕೊಳ್ಳುವುದು ವಾಡಿಕೆ. ಆರಂಭದಲ್ಲಿ ಹೊಟ್ಟೆ ತೊಳಸಿದರೆ ಒಣರೊಟ್ಟಿಯ ಚೂರೊಂದನ್ನು ತಿನ್ನಬಹುದು. ಹಾಗೆಂದು ಬೇಳೆಯನ್ನೇ ಬಿಟ್ಟರೆ ಮೈ ಸೊರಗೀತು. ಕಬ್ಬಿಣದ ಗುಳಿಗೆಯಿದ್ದರೆ ಅದಕ್ಕೆ ಬೇರೆ ವೇಳೆ ಗೊತ್ತುಮಾಡಿಸಿಕೊಳ್ಳಬೇಕು. ನಿಧಾನವಾಗಿ ಕರಗಲೆಂದೇ ಮಾಡಿದ ಗುಳಿಗೆಯನ್ನು ಅರೆದು ಕೊಡಬಾರದು.

ಈಗ ನನ್ನ ತಪ್ಪೊಂದನ್ನು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಅಣ್ಣನವರು ಜಾರಿಬಿದ್ದು ಕಾಲು ಮುರಿದುಕೊಂಡಾಗ ಒಂದು ದವಾಖಾನೆಗೆ ಸೇರಿಸಿದೆವು. ಗುಳಿಗೆಯ ಚೀಲ ನನ್ನ ಕೈಯಲ್ಲಿಯೇ ಇತ್ತು. ಕಾಲಿನ ಗಡಿಬಿಡಿಯಲ್ಲಿ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾಲ್ಕು ದಿನ ನಿಂತರೆ ಏನಾದೀತು ಎಂದುಕೊಂಡೆ. ಎರಡನೆಯ ದಿನಕ್ಕೆ ಅವರ ಮೈ ಮರದ ಕೊರಡಿನಂತೆ ಸೆಟೆಯಿತು, ಜ್ವರವೇರಿತು, ನೀರು ಗಂಟಲಿಳಿಯಲಿಲ್ಲ. ರಾತ್ರಿ ಪಾಳಿಗೆ ಬಂದ ವೈದ್ಯರೊಬ್ಬರು “ಮೊದಲು ಯಾವ ಗುಳಿಗೆ ನುಂಗುತ್ತಿದ್ದರು?” ಎಂದಾಗ ಚೀಲ ಹೊರಬಂದಿತು. ಮೂಗಿನ ನಳಿಕೆಯಿಂದ ಔಷಧ ಕೊಟ್ಟು ಉಳಿಸಿದರು. ಈ ಗುಳಿಗೆಯನ್ನು ಥಟ್ಟನೆ ನಿಲ್ಲಿಸುವುದು ಪ್ರಾಣಕ್ಕೇ ಎರವಾಗಬಹುದೆಂದು ಅಂದು ತಿಳಿದೆ. ಕಡಿಮೆ ಮಾಡುವುದಿದ್ದರೂ ವೈದ್ಯರೇ ಮೆಲ್ಲಮೆಲ್ಲನೆ ಮಾಡತಕ್ಕದ್ದು. ಒಂದು ಹೊತ್ತು ತಪ್ಪಿದರೆಂದು ಮುಂದಿನ ಹೊತ್ತಿಗೆ ಎರಡು ನುಂಗುವುದೂ ಸಲ್ಲದು.

ಶ್ರೋತೃಗಳೆ, ಬೇರೆ ಔಷಧಗಳಿಂದಲೂ ಕೇಡುಂಟು. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಡೋಪಮೈನಿನ ಕೆಲಸಕ್ಕೇ ಅಡ್ಡಿ. ತಲೆಸುತ್ತಿಗೆಂದು ತಿಂಗಳುಗಟ್ಟಲೆ ನುಂಗುವ ಸಿನ್ನರಿಜಿನ್, ಫ್ಲೂನರಿಜಿನ್‌ಗಳಿಂದ ರೋಗವಿಲ್ಲದವರಿಗೂ ನಡುಕ ಬರುವುದುಂಟು. ನಮ್ಮ ಕಡೆಯ ಕೆಲವರು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ ಔಷಧ ಬರೆಸಿಕೊಂಡು ಬರುತ್ತಾರೆ. ನೆಗಡಿ ಜ್ವರಗಳಿಗೆ ಊರ ವೈದ್ಯರಲ್ಲಿಗೆ ಹೋಗುವಾಗ ಆ ಚೀಟಿಯನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾರೆ.

ನಸುಗುನ್ನಿಯನ್ನು ಹುಡುಗರಾಗಿದ್ದಾಗ ಒಬ್ಬರ ಬೆನ್ನಿಗೊಬ್ಬರು ಉಜ್ಜಿದವರೇ ನಾವು. ಸಂಸ್ಕೃತದಲ್ಲಿ ಕಪಿಕಚ್ಛು, ಕಪಿಗೂ ತುರಿಕೆ ಬಿಡದು! ಅದರ ಬೀಜದಲ್ಲಿ ಲೆವೊಡೋಪವಿರುವುದನ್ನು 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿಯವರು ತೋರಿಸಿದರು. ಹೆಮ್ಮೆಯ ಸಂಗತಿಯೇ. ಆದರೆ ಚೂರ್ಣದ ಚಮಚೆಯಲ್ಲಿ ಎಷ್ಟು ಔಷಧವಿದೆಯೆಂದು ಬಲ್ಲವರಾರು? ಬೇರು ನಾರು ತಾನೆ ಎಂದು ಗುಳಿಗೆಯೊಡನೆ ಅದನ್ನೂ ಸೇರಿಸಿದರೆ ಪ್ರಮಾಣ ಹೆಚ್ಚಾಗಿ ಕೈಕಾಲು ತಾವಾಗಿಯೇ ಕುಣಿಯಬಹುದು, ಬುದ್ಧಿಗೆ ಭ್ರಮೆ ಕವಿಯಬಹುದು.

ಇಲ್ಲದ ಜನರು ಕಣ್ಣಿಗೆ ಕಂಡರೆ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟರೆ ವೈದ್ಯರಿಗೆ ಹೇಳಬೇಕು. ಪ್ರಮಿಪೆಕ್ಸೋಲ್, ರೋಪಿನಿರೋಲ್ ನುಂಗುವವರಲ್ಲಿ ಕೆಲವರಿಗೆ ಜೂಜಿನ ಹುಚ್ಚೋ ಮಿತಿಮೀರಿದ ಕಾಮವೋ ಹತ್ತುವುದುಂಟು. ಅದು ಔಷಧದ ದೋಷ, ಮನುಷ್ಯನದಲ್ಲ. ನಾಚಿ ಮುಚ್ಚಿಡಬಾರದು.

ಈಗ ಅಣ್ಣನವರ ಅಂಗಿಯ ಜೇಬಿನಲ್ಲಿ ಗುಳಿಗೆಯ ಹೆಸರು, ತೂಕ, ವೇಳೆ ಬರೆದ ಕಾಗದವೊಂದು ಸದಾ ಇರುತ್ತದೆ. ಬರೆದವನು ನಾನೇ. ಅಕ್ಷರ ದುಂಡಗಿಲ್ಲವೆಂದು ಅವರು ಎರಡು ಸಲ ತಿದ್ದಿಸಿದ್ದಾರೆ.