ಮುಪ್ಪನ್ನು ಮುಂದೂಡುವ ವಿದ್ಯೆ ಯಾರ ಪಾಲಿಗೆ?

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಯಯಾತಿಯ ಕಥೆ ನಿಮಗೆಲ್ಲ ಗೊತ್ತು. ಮುಪ್ಪು ಬಂದೊಡನೆ ಆ ರಾಜ ಮಗನ ಯೌವನವನ್ನೇ ಕೇಳಿ ಪಡೆದ. ಒಬ್ಬನಿಗೆ ಪ್ರಾಯ ಬರಬೇಕಾದರೆ ಇನ್ನೊಬ್ಬನದು ಹೋಗಬೇಕು. ಇದು ಪುರಾಣದ ಲೆಕ್ಕ. ಯಾರ ಪ್ರಾಯವನ್ನೂ ಕಸಿಯದೆ ಮುಪ್ಪನ್ನು ನಿಧಾನಗೊಳಿಸಬಹುದೇ ಎಂದು ವಿಜ್ಞಾನ ಕೇಳುತ್ತಿದೆ. ಆ ಹುಡುಕಾಟ ಎಲ್ಲಿಗೆ ಬಂದಿದೆ, ಅದರಲ್ಲಿ ನಮ್ಮ ಪಾಲೇನು ಎಂಬುದನ್ನು ನೋಡೋಣ.

1935ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಕ್ಲೈವ್ ಮೆಕೇ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಕಡಿಮೆ ಆಹಾರ ಕೊಟ್ಟು ಸಾಕಿದ ಇಲಿಗಳು ಹೊಟ್ಟೆ ತುಂಬ ತಿಂದವುಗಳಿಗಿಂತ ಹೆಚ್ಚು ಕಾಲ ಬದುಕಿದ್ದವು. ಹಾಗಾದರೆ ಅರೆಹೊಟ್ಟೆ ಉಣ್ಣುವ ಬಡವನೇ ಚಿರಂಜೀವಿ ಆಗಬೇಕಿತ್ತಲ್ಲ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆ ಇಲಿಗಳಿಗೆ ಜೀವಸತ್ವ, ಲವಣಗಳ ಕೊರತೆ ಆಗದಂತೆ ನೋಡಿಕೊಂಡಿದ್ದರು. ಬಡವನ ತಟ್ಟೆಯಿಂದ ಮೊದಲು ಮಾಯವಾಗುವುದೇ ಹಾಲು, ಬೇಳೆ, ಸೊಪ್ಪು. ಹಸಿವೇ ಆರೋಗ್ಯವೆಂದು ಯಾರಾದರೂ ಬೋಧಿಸಿದರೆ ನಂಬಬೇಡಿ.

ಇನ್ನೊಂದು ಕಥೆ ಮಣ್ಣಿನದು. 1964ರ ಕೊನೆಯಲ್ಲಿ ಕೆನಡಾದ ವೈದ್ಯರ ತಂಡವೊಂದು ಶಾಂತಸಾಗರದ ಈಸ್ಟರ್ ದ್ವೀಪಕ್ಕೆ ಹೊರಟಿತು. ಅಲ್ಲಿಯ ಜನ ತಮ್ಮ ನಾಡನ್ನು ರಾಪಾ ನುಯಿ ಎನ್ನುತ್ತಾರೆ. ತಂಡ ತಂದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ ಮಾಂಟ್ರಿಯಲ್‌ನ ಔಷಧ ಕಂಪನಿಯೊಂದು ಹೊಸ ವಸ್ತುವನ್ನು ಬೇರ್ಪಡಿಸಿತು. ದ್ವೀಪದ ಹೆಸರಿನಿಂದಲೇ ಅದು ರಾಪಾಮೈಸಿನ್ ಆಯಿತು. ಈ ಕೆಲಸದ ಮುಂದಾಳು ಸುರೇಂದ್ರನಾಥ ಸೆಹಗಲ್, ಅವಿಭಜಿತ ಪಂಜಾಬಿನಲ್ಲಿ ಹುಟ್ಟಿದವರು. 1980ರ ದಶಕದ ಆರಂಭದಲ್ಲಿ ಕಂಪನಿ ಆ ಪ್ರಯೋಗಶಾಲೆಯನ್ನು ಮುಚ್ಚಿತು. ಸೆಹಗಲ್ ಆ ಸೂಕ್ಷ್ಮಜೀವಿಯನ್ನು ಮನೆಗೆ ಒಯ್ದು ಫ್ರೀಜರ್‌ನಲ್ಲಿಟ್ಟು ಉಳಿಸಿದರು. 1999ರಲ್ಲಿ ಅದೇ ವಸ್ತು ಮೂತ್ರಪಿಂಡ ಕಸಿಯಾದವರಿಗೆ ಔಷಧವಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು.

2009ರಲ್ಲಿ ಇನ್ನೊಂದು ಸುದ್ದಿ ಬಂತು. ಅಮೆರಿಕದ ಮೂರು ಪ್ರಯೋಗಶಾಲೆಗಳಲ್ಲಿ 600 ದಿನದ ಮುದಿ ಇಲಿಗಳಿಗೆ ರಾಪಾಮೈಸಿನ್ ತಿನ್ನಿಸಿದ್ದರು. ದೀರ್ಘಾಯುಗಳ ಆಯುಷ್ಯ ಹೆಣ್ಣಿಲಿಗಳಲ್ಲಿ ನೂರಕ್ಕೆ 14ರಷ್ಟು, ಗಂಡಿಲಿಗಳಲ್ಲಿ 9ರಷ್ಟು ಹೆಚ್ಚಿತು.

ಇದು ಹೇಗೆ? ದೇಹದ ಪ್ರತಿ ಜೀವಕೋಶದಲ್ಲೂ ಒಬ್ಬ ಮೇಸ್ತ್ರಿ ಇದ್ದಾನೆನ್ನಿ. ಆಹಾರ ಧಾರಾಳವಾಗಿದ್ದಾಗ ಅವನು "ಉತ್ಪಾದನೆ ಹೆಚ್ಚಿಸಿ" ಎನ್ನುತ್ತಾನೆ. ಆಹಾರ ಕಡಿಮೆಯಾದಾಗ ಸುಮ್ಮನಾಗುತ್ತಾನೆ. ಆಗ ಕಸ ಗುಡಿಸುವ, ದುರಸ್ತಿ ಮಾಡುವ ಕೆಲಸ ನಡೆಯುತ್ತದೆ. ರಾಪಾಮೈಸಿನ್ ಆ ಮೇಸ್ತ್ರಿಯ ಬಾಯಿ ಕಟ್ಟುತ್ತದೆ. ಎಣ್ಣೆ ಹಾಕಲೂ ಬಿಡುವು ಕೊಡದೆ ಓಡಿಸಿದ ಯಂತ್ರ ಬೇಗ ಸವೆಯುತ್ತದೆಂದು ನಿಮಗೆ ನಾನು ಹೇಳಬೇಕೇ?

ಆದರೆ ಎಚ್ಚರ. ಮನುಷ್ಯನ ಆಯುಷ್ಯ ಇದರಿಂದ ಬೆಳೆಯುತ್ತದೆಂದು ಇನ್ನೂ ಸಿದ್ಧವಾಗಿಲ್ಲ. ಈ ಔಷಧ ರೋಗ ತಡೆಯುವ ಶಕ್ತಿಯನ್ನು ತಗ್ಗಿಸಬಲ್ಲದು, ಬಾಯಿಹುಣ್ಣು ತರಬಲ್ಲದು. ಯೌವನದ ಹೆಸರಿನಲ್ಲಿ ಮಾತ್ರೆಯನ್ನೋ ಲೇಹ್ಯವನ್ನೋ ಮಾರಲು ಬಂದವನಿಗೆ ನಿಮ್ಮ ದುಡಿಮೆಯ ಹಣ ಕೊಡಬೇಡಿ.

ಈಗ ಪಾಲಿನ ಮಾತು. ತಮ್ಮ ನೆಲದ ಮಣ್ಣಿನಿಂದ ಬಂದ ಔಷಧದ ಲಾಭದಲ್ಲಿ ರಾಪಾ ನುಯಿ ಜನರಿಗೆ ಪಾಲು ಸಿಗಲಿಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಹಳೆಯ, ಅಗ್ಗದ ಮಾತ್ರೆ. ಅದು ಮುಪ್ಪಿನ ರೋಗಗಳನ್ನು ಮುಂದೂಡೀತೇ ಎಂದು 3000 ಜನರ ಮೇಲೆ ಪರೀಕ್ಷಿಸಲು ಅಮೆರಿಕದ ವಿಜ್ಞಾನಿಗಳು ಯೋಜನೆ ಹಾಕಿದರು. ವರ್ಷಗಟ್ಟಲೆ ಹಣಕ್ಕಾಗಿ ಅಲೆದರು. ಪೇಟೆಂಟ್ ಮುಗಿದ ಮಾತ್ರೆಯಲ್ಲಿ ಕಂಪನಿಗಳಿಗೆ ಲಾಭವಿಲ್ಲ. ಅದೇ 2022ರಲ್ಲಿ ಜೀವಕೋಶಗಳಿಗೆ ಪ್ರಾಯ ಮರಳಿಸುವ ಸಂಶೋಧನೆಗೆಂದು ಆಲ್ಟೋಸ್ ಲ್ಯಾಬ್ಸ್ ಎಂಬ ಕಂಪನಿ 300 ಕೋಟಿ ಡಾಲರ್ ಬಂಡವಾಳದೊಡನೆ ಆರಂಭವಾಯಿತು.

1951ರ ಸುಮಾರಿಗೆ ನಮ್ಮ ದೇಶದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಷ್ಯ 32 ವರ್ಷ. ಇಂದು ಸುಮಾರು 70. ಇದನ್ನು ತಂದದ್ದು ಯಾವ ಸಂಜೀವಿನಿಯೂ ಅಲ್ಲ. ಸಿಡುಬಿನ ಲಸಿಕೆ, ಮಲೇರಿಯಾ ನಿವಾರಣೆ, ಕುಡಿಯುವ ನೀರು, ಹೆರಿಗೆ ಆಸ್ಪತ್ರೆಗಳು, ಅನ್ನ. ಇವು ಎಲ್ಲರಿಗೂ ಹಂಚಿಕೆಯಾದ್ದರಿಂದ ಎಲ್ಲರ ಆಯುಷ್ಯ ಬೆಳೆಯಿತು. ಹತ್ತಿಯ ಧೂಳಿನಿಂದ ಕೆಡುವ ಶ್ವಾಸಕೋಶವನ್ನು ಉಳಿಸಲು ಇಂದೂ ಹೊಸ ಸಂಶೋಧನೆ ಬೇಕಿಲ್ಲ. ಧೂಳು ಹೀರುವ ಯಂತ್ರ ಹಾಕಿದರೆ ಸಾಕು.

ಮುಪ್ಪಿನ ಸಂಶೋಧನೆ ನಡೆಯಲಿ. ಸರ್ಕಾರದ ಹಣದಿಂದ, ಎಲ್ಲರ ಕಣ್ಣೆದುರು ನಡೆಯಲಿ. ಫಲ ಬಂದ ದಿನ ಅದು ಸರ್ಕಾರಿ ಆಸ್ಪತ್ರೆಯ ಕಿಟಕಿಯಲ್ಲಿ ಸಿಗಬೇಕು. ಅದನ್ನು ಈಗಲೇ ಕೇಳಿಡೋಣ. ಇಲ್ಲವಾದರೆ ಯಯಾತಿಯ ಹಳೆಯ ಲೆಕ್ಕವೇ ಮತ್ತೆ ಜಾರಿಗೆ ಬಂದೀತು.