ಫಿಲ್ಮ್ ಸಾಕು, ಕಡತ ಕೊಡಿ
(ಹತ್ತಿಮತ್ತೂರಿನಲ್ಲಿ ಮಾಡಿದ ಅಧ್ಯಕ್ಷ ಭಾಷಣ)



 ಎಲುಬು-ಕೀಲು ವೈದ್ಯರ ಈ ಸಮ್ಮೇಳನವನ್ನು ಹೋಟೆಲಿನ ಎಸಿ ಹಾಲಿನಿಂದ ಬಿಡಿಸಿ ಸವಣೂರು ತಾಲೂಕಿನ ಈ ಊರಿಗೆ ತಂದ ಸ್ವಾಗತ ಸಮಿತಿಗೆ ನಾನು ಋಣಿ.    ಇನ್ನು ವಿಷಯ.

ಈ ಭಾಗದಲ್ಲಿ ಹೊಲದಲ್ಲಿ ಬಗ್ಗಿ ಕಳೆ ತೆಗೆದು, ಹತ್ತಿ ಬಿಡಿಸಿ ಅರವತ್ತು ದಾಟಿದ ಹೆಣ್ಣುಮಗಳು ‘ನಡಾ ಹಿಡಿದೈತ್ರಿ’ ಅನ್ನುತ್ತ ನಮ್ಮ ಬಳಿ ಬರುತ್ತಾಳೆ. ಸೊಂಟದ ಎಲುಬು ಮುರಿದರೆ ಮನೆಮಂದಿ ಗಾಡಿ ಮಾಡಿಕೊಂಡು ಓಡುತ್ತಾರೆ. ಬೆನ್ನುಮಣಿ ಕುಸಿದರೆ ಎಣ್ಣೆ ತಿಕ್ಕಿ ಮಲಗಿಸುತ್ತಾರೆ. ಕುಸಿದ ಬೆನ್ನುಮಣಿಗಳಲ್ಲಿ ವೈದ್ಯರ ಲೆಕ್ಕಕ್ಕೆ ಬರುವುದು ಸುಮಾರು ಮೂರರಲ್ಲೊಂದು. ಉಳಿದದ್ದೆಲ್ಲ ವಯಸ್ಸಿನ ಖಾತೆಗೆ ಜಮಾ.

ಎಲುಬಿನ ಸಾಂದ್ರತೆಗೆ ನಮ್ಮ ಕೈಲಿರುವ ಅಳತೆ ಡೆಕ್ಸಾ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಟಿ-ಸ್ಕೋರ್ ಮೈನಸ್ 2.5ರ ಗೆರೆ ಎಳೆದಾಗಿನಿಂದ ಅದನ್ನೇ ನೆಚ್ಚಿದ್ದೇವೆ. ಡೆಕ್ಸಾದ್ದು ಚಪ್ಪಟೆ ಚಿತ್ರ. ಸವೆದ ಕೀಲಿನ ಸುತ್ತ ಬೆಳೆದ ಎಲುಬು, ಮಹಾಧಮನಿಯ ಗೋಡೆಗೆ ಕಟ್ಟಿದ ಸುಣ್ಣ ಎಲ್ಲವನ್ನೂ ಕೂಡಿಸಿ ‘ಪರವಾಗಿಲ್ಲ’ ಅನ್ನುತ್ತದೆ. ಪಕ್ಕದ ಗದಗ ಜಿಲ್ಲೆಯ ಮುಂಡರಗಿ ಕಡೆ ಫ್ಲೋರೈಡ್ ನೀರು ಕುಡಿದವರ ಎಲುಬು ನೋಡಿ: ಸಾಂದ್ರತೆ ಹೆಚ್ಚು, ಗಟ್ಟಿತನ ಕಡಿಮೆ. ಅಲ್ಲಿ ಸಾಂದ್ರತೆಯನ್ನೇ ನಂಬಿದವನು ಕೆಟ್ಟ.

ಇದಕ್ಕೆ ದಾರಿ ಇದೆ. ಸಿಟಿ ಸ್ಕ್ಯಾನಿನ ಸೀಳುಗಳನ್ನು ಒಂದರ ಮೇಲೊಂದು ಜೋಡಿಸಿ ಬೆನ್ನುಮಣಿಯನ್ನು ಕಂಪ್ಯೂಟರಿನಲ್ಲಿ ಸಾವಿರಾರು ಸಣ್ಣ ಘನಗಳಾಗಿ ಕಟ್ಟುತ್ತೇವೆ. ಸಿಟಿ ಪ್ರತಿ ಘನಕ್ಕೆ ಕೊಡುವ ಹೌನ್ಸ್‌ಫೀಲ್ಡ್ ಅಂಕಿಯಿಂದ ಸಾಂದ್ರತೆ, ಸಾಂದ್ರತೆಯಿಂದ ಬಿಗುವು. ಆಮೇಲೆ ಮಣಿಯನ್ನು ಮೇಲಿನಿಂದ ಒತ್ತುವುದು. ಎಷ್ಟು ನ್ಯೂಟನ್‌ಗೆ ಕುಸಿಯುತ್ತದೆಂದು ಲೆಕ್ಕವೇ ಹೇಳುತ್ತದೆ. ವಿಮಾನದ ರೆಕ್ಕೆಯ ಲೆಕ್ಕಕ್ಕೆ ಬೆಳೆದ ಈ ವಿದ್ಯೆಗೆ ಫೈನೈಟ್ ಎಲಿಮೆಂಟ್ ಎಂಬ ಹೆಸರಿಟ್ಟವರು ರೇ ಕ್ಲಫ್, 1960ರಲ್ಲಿ. ಕ್ರಾಫರ್ಡ್, ಕ್ಯಾನ್, ಕೀವನಿ ಅವರು ಮೃತರ ಬೆನ್ನುಮಣಿಗಳನ್ನು ಸ್ಕ್ಯಾನ್ ಮಾಡಿ, ಆಮೇಲೆ ಯಂತ್ರದಲ್ಲಿ ನಿಜವಾಗಿಯೇ ಒತ್ತಿ ನೋಡಿದರು. ಬರಿ ಸಾಂದ್ರತೆಗಿಂತ ಮಾದರಿಯ ಲೆಕ್ಕವೇ ಸತ್ಯಕ್ಕೆ ಹತ್ತಿರ ಎಂದು 2003ರಲ್ಲಿ ಪ್ರಕಟಿಸಿದರು. ಅಮೆರಿಕದಲ್ಲಿ ಈಗ ಹೆಂಗಸರಿಗೆ 4500, ಗಂಡಸರಿಗೆ 6500 ನ್ಯೂಟನ್ ಅಪಾಯದ ಗೆರೆ. 4500 ಅಂದರೆ ಸುಮಾರು 460 ಕೆಜಿ ಭಾರ. ಬಹಳವಾಯಿತು ಅನಿಸುತ್ತದಲ್ಲ? ಬಗ್ಗಿ ಭಾರ ಎತ್ತುವಾಗ ಬೆನ್ನುಮಣಿಯ ಮೇಲೆ 3400 ದಾಟಬಾರದೆಂದು ಅಲ್ಲಿನ ಕಾರ್ಮಿಕ ಸುರಕ್ಷತೆಯ ಸಂಸ್ಥೆಯೇ ಹೇಳುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಚೀಲ ಹೊರುವ ಹಮಾಲನನ್ನು ಅವರು ಕಂಡಿಲ್ಲ, ಬಿಡಿ.

ಈಗ ನನ್ನ ಜಗಳಕ್ಕೆ ಬರುತ್ತೇನೆ.

ಆ ಹೆಣ್ಣುಮಗಳು ಪ್ಲಾಸ್ಟಿಕ್ ಚೀಲದಿಂದ ತೆಗೆಯುವುದೇನು? ಒಂದು ಕರಿ ಫಿಲ್ಮ್. ಕಿಟಕಿಗೆ ಹಿಡಿದರೆ ಇಪ್ಪತ್ತು ಚೌಕ, ಮಡಿಚಿದಲ್ಲಿ ಬಿಳಿ ಗೆರೆ, ಮೂಲೆಯಲ್ಲಿ ಯಾರೂ ಓದದ ಸಣ್ಣಕ್ಷರ. ಯಂತ್ರ ತೆಗೆದದ್ದು ನೂರಾರು ಸೀಳು. ಕೈಗೆ ಬಂದದ್ದು ಇಷ್ಟು. ಬೂದು ಬಣ್ಣವೂ ಕಣ್ಣಿಗೆ ಚೆಂದ ಕಾಣಲೆಂದು ಹೊಂದಿಸಿದ್ದು. ಹೌನ್ಸ್‌ಫೀಲ್ಡ್ ಅಂಕಿ ಅದರಲ್ಲಿಲ್ಲ. ಕಂಪ್ಯೂಟರಿಗೆ ಅದು ಕುರುಡು ಹಾಳೆ. ಸ್ಕ್ಯಾನ್ ಸೆಂಟರಿಗೆ ಫೋನ್ ಮಾಡಿದರೆ ‘ಡಿಸ್ಕ್ ತುಂಬಿತ್ತು ಸರ್, ಹಳೇದು ಅಳಿಸಿದ್ವಿ’ ಎಂಬ ಉತ್ತರ. ಅಳಿಸದಿದ್ದರೆ ಉಳಿದಿರುವುದು ಐದು ಮಿಲಿಮೀಟರಿನ ದಪ್ಪ ಸೀಳು. ಅದೂ ಸರಿಯಿದ್ದರೆ ಕಾಂಟ್ರಾಸ್ಟ್ ಕೊಟ್ಟು ಅಂಕಿಯನ್ನು ಏರಿಸಿರುತ್ತಾರೆ. ಅಳತೆಗೆ ಪಕ್ಕದಲ್ಲಿಡುವ ಫ್ಯಾಂಟಮ್ ಕೇಳಬೇಡಿ. ಹಾಗೆಂದರೇನು ಎಂದು ನನ್ನನ್ನೇ ಕೇಳುತ್ತಾರೆ.

ಜಾಗವಿಲ್ಲವಂತೆ! ಒಂದು ಸೀಳು 512 ಗುಣಿಲೆ 512 ಚುಕ್ಕೆ, ಅರ್ಧ ಎಂಬಿ. ಐನೂರು ಸೀಳಾದರೂ ಕಾಲು ಜಿಬಿ. ಅದೇ ಸೆಂಟರಿನವರ ಮಗಳ ಮದುವೆಯ ವಿಡಿಯೋ ಇದಕ್ಕಿಂತ ದೊಡ್ಡದು, ಅದನ್ನು ಯಾರೂ ಅಳಿಸಿಲ್ಲ. ಕಾನೂನು ಕೇಳೋಣವೆಂದರೆ, ವೈದ್ಯಕೀಯ ಪರಿಷತ್ತಿನ 2002ರ ನಿಯಮ ಮೂರು ವರ್ಷ ದಾಖಲೆ ಇಡಬೇಕೆನ್ನುವುದು ಒಳರೋಗಿಗಳಿಗೆ. ಸ್ಕ್ಯಾನ್ ಮುಗಿಸಿ ಸಂಜೆಯ ಸವಣೂರು ಬಸ್ ಹತ್ತುವವಳು ಒಳರೋಗಿಯಲ್ಲ. ಹಣ ಕೊಟ್ಟವಳು ಅವಳು, ಕಿರಣ ಬಿದ್ದದ್ದು ಅವಳ ಮೈಮೇಲೆ, ಕಡತ ಮಾತ್ರ ಅವಳದ್ದಲ್ಲ.

ಈ ಮಾತನ್ನು ಹಿಂದೊಮ್ಮೆ ನಮ್ಮ ಸಂಘದ ಸಮಿತಿಯ ಮುಂದಿಟ್ಟಾಗ ಹಿರಿಯರೊಬ್ಬರು ‘ಕೂಲಿ ಹೆಂಗಸಿನ ಬೆನ್ನಿಗೆ ಕಂಪ್ಯೂಟರ್ ಯಾಕೆ, ಕ್ಯಾಲ್ಸಿಯಂ ಗುಳಿಗೆ ಸಾಕು’ ಎಂದರು. ಸಭೆ ನಕ್ಕಿತು, ಪ್ರಸ್ತಾವ ಉಪಸಮಿತಿಗೆ ಹೋಯಿತು, ಉಪಸಮಿತಿ ಒಮ್ಮೆಯೂ ಸೇರಲಿಲ್ಲ. ಅವರು ಇಂದು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ನಮಸ್ಕಾರ ಸರ್. ಗುಳಿಗೆ ಯಾರಿಗೆ ಸಾಕು, ಯಾರಿಗೆ ಸಾಲದು ಎಂದು ತಿಳಿಯುವುದಕ್ಕೇ ಈ ಲೆಕ್ಕ ಬೇಕಿರುವುದು.

ನನ್ನ ಬೇಡಿಕೆ ಇಷ್ಟು. ಸೊಂಟದ ಮೇಲಿನ ಮೊದಲೆರಡು ಲಂಬಾರ್ ಮಣಿಗಳು ಬರುವ ಯಾವ ಸಿಟಿಯೇ ಇರಲಿ, ಕಿಡ್ನಿ ಕಲ್ಲಿಗೆ ಮಾಡಿಸಿದ್ದಾದರೂ ಸರಿ, ಒಂದು ಮಿಲಿಮೀಟರಿನ ಸೀಳುಗಳನ್ನು ಹತ್ತು ವರ್ಷ ಉಳಿಸಬೇಕು. ಫಿಲ್ಮಿನ ಜೊತೆ ಸೀಳು, ಅಂಕಿ ಎಲ್ಲ ಇರುವ ಡೈಕಾಮ್ ಕಡತವನ್ನು ರೋಗಿಯ ಕೈಗೇ ಕೊಡಬೇಕು. ಯಂತ್ರಕ್ಕೊಂದು ಫ್ಯಾಂಟಮ್ ಇರಬೇಕು, ವಾರಕ್ಕೊಮ್ಮೆ ಅಳೆಯಬೇಕು. ಫಲಿತಾಂಶ ಕನ್ನಡದಲ್ಲಿ, ನ್ಯೂಟನ್ ಬಿಟ್ಟು ಕೆಜಿಯಲ್ಲಿ ಬರೆಯಬೇಕು.

ಅಮೆರಿಕದ 4500 ನಮ್ಮ ಸಣ್ಣ ಮೈಕಟ್ಟಿನ ಹೆಂಗಸರಿಗೆ ಹೊಂದುತ್ತದೆಯೇ ಎಂಬುದು ಬೇರೆಯೇ ತಕರಾರು. ನಮ್ಮ ಗೆರೆ ಎಳೆಯಲು ನಮ್ಮ ಎಲುಬು ಬೇಕು, ಫ್ಲೋರೈಡ್ ಕಂಡ ಎಲುಬಂತೂ ಬೇಕೇ ಬೇಕು. 2010ರಲ್ಲಿ ಬೆಳಗಾವಿಯಲ್ಲಿ ಡಾ. ಮಹಾಂತೇಶ ರಾಮಣ್ಣವರ ಅವರು ತಮ್ಮ ತಂದೆ ದಾನ ಮಾಡಿದ್ದ ದೇಹವನ್ನು ತಾವೇ ಛೇದಿಸಿ ಪಾಠ ಮಾಡಿದ ನಾಡು ಇದು. ದಾನಿಗಳು ಸಿಗುತ್ತಾರೆ. ಒತ್ತಿ ನೋಡುವ ಯಂತ್ರ ಎಂಜಿನಿಯರಿಂಗ್ ಕಾಲೇಜುಗಳಲ್ಲಿದೆ. ಶವಾಗಾರದಿಂದ ಕಾಲೇಜಿಗೆ ಎಲುಬು ಸಾಗಿಸುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರು ಸಿಕ್ಕರೆ ಸಾಕು. ಹಾವೇರಿಯಲ್ಲೊಂದು ಎಲುಬಿನ ಪ್ರಯೋಗಾಲಯ, ತಾಲೂಕಿಗೊಬ್ಬ ತಂತ್ರಜ್ಞ, ವರ್ಷಕ್ಕೊಮ್ಮೆ ಹಳ್ಳಿಗೆ ಬರುವ ಸ್ಕ್ಯಾನ್ ಗಾಡಿ ಎಂಬ ಆಸೆಗಳೂ ಇವೆ. ಅಧ್ಯಕ್ಷ ಪೀಠದಲ್ಲಿ ಕುಳಿತವನಿಗೆ ಅಷ್ಟು ಸ್ವಾತಂತ್ರ್ಯ ಇರಲಿ.

ಕಡತದ ನಿರ್ಣಯವನ್ನು ಮಾತ್ರ ಈಗಲೇ ಮತಕ್ಕೆ ಹಾಕುತ್ತೇನೆ. ಊಟವಾದ ಮೇಲೆ ತಂದ ನಿರ್ಣಯಗಳ ಗತಿ ನಮಗೆಲ್ಲ ಗೊತ್ತು. ಸೂಚಕರು ಹಿರೇಕೆರೂರಿನ ಪ್ರತಿನಿಧಿಗಳು. ಅನುಮೋದಿಸುವವರು ಯಾರು? ಸ್ಕ್ಯಾನ್ ಸೆಂಟರ್ ಇಟ್ಟುಕೊಂಡವರೂ ಕೈ ಎತ್ತಬಹುದು.